ಕಂಬವಿಲ್ಲದ ಮನೆಯ ವಕಾಲತ್ತು

ಒಬ್ಬ ವಕೀಲ ವಿದ್ಯುತ್ ಕಂಪನಿಯ ಅಧ್ಯಕ್ಷನಾದರೆ ಅವನ ಕಕ್ಷಿದಾರ ಯಾರು? ಷೇರು ಕೊಂಡವರೇ, ತಿಂಗಳ ಬಿಲ್ಲು ಕಟ್ಟುವವರೇ, ಮನೆಯ ಮುಂದೆ ಇನ್ನೂ ಕಂಬವನ್ನೇ ಕಾಣದವರೇ? ನನ್ನದೂ ವಕೀಲಿ ವೃತ್ತಿ. ವೆಂಡೆಲ್ ವಿಲ್ಕಿ ಅವರ ಬದುಕನ್ನು ಓದಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅಮೆರಿಕದ ಇತಿಹಾಸದಲ್ಲಿ ಅವರ ಹೆಸರು ಬರುವುದು 1940ರ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಎದುರು ಸೋತ ರಿಪಬ್ಲಿಕನ್ ಅಭ್ಯರ್ಥಿಯಾಗಿ. ಅದಕ್ಕೆ ಮುಂಚೆ ಏಳು ವರ್ಷ ಅವರು ದೊಡ್ಡದೊಂದು ವಿದ್ಯುತ್ ಸಮೂಹವನ್ನು ನಡೆಸಿದರು. ನನಗೆ ಆ ಏಳು ವರ್ಷಗಳೇ ಮುಖ್ಯ.

ವಿಲ್ಕಿ ಹುಟ್ಟಿದ್ದು 1892ರಲ್ಲಿ, ಇಂಡಿಯಾನಾ ರಾಜ್ಯದ ಎಲ್ವುಡ್ ಎಂಬ ಸಣ್ಣ ಊರಿನಲ್ಲಿ. ತಂದೆ ವಕೀಲರು, ತಾಯಿಯೂ ವಕೀಲರು. ಆ ರಾಜ್ಯದಲ್ಲಿ ವಕೀಲಿಯ ಸನ್ನದು ಪಡೆದ ಮೊದಮೊದಲ ಹೆಂಗಸರಲ್ಲಿ ಆಕೆ ಒಬ್ಬರು. ಊರಿನ ತಗಡು ಕಾರ್ಖಾನೆಯಲ್ಲಿ ಮುಷ್ಕರ ನಡೆದಾಗ ತಂದೆ ಕಾರ್ಮಿಕರ ಪರವಾಗಿ ನಿಂತಿದ್ದರು. ಎಲ್ವುಡ್ ಬೆಳೆದದ್ದೇ ನೆಲದಡಿಯ ಅನಿಲದಿಂದ. ಇಂಡಿಯಾನಾದ ಆ ಪ್ರದೇಶದ ಊರುಗಳು ಅನಿಲ ಸಿಕ್ಕ ಸಂಭ್ರಮದಲ್ಲಿ ಅದನ್ನು ಹಗಲಿರುಳೂ ಉರಿಯಲು ಬಿಟ್ಟವು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಬಾವಿಗಳು ಬತ್ತಿದವು. ಊರಿಗೆ ಊರೇ ಹಂಚಿಕೊಂಡು ಬಾಳಬಹುದಾಗಿದ್ದ ಸಂಪತ್ತು ಲೆಕ್ಕವಿಲ್ಲದೆ ಸುಟ್ಟುಹೋದದ್ದು ವಿಲ್ಕಿ ಹುಡುಗನಾಗಿದ್ದಾಗಲೇ.

1916ರಲ್ಲಿ ಕಾನೂನು ಪದವಿ, ಬಳಿಕ ಸೇನೆ. 1919ರಲ್ಲಿ ಓಹಿಯೋದ ಆಕ್ರನ್ ನಗರಕ್ಕೆ ಬಂದು ಫೈರ್‌ಸ್ಟೋನ್ ಟೈರ್ ಕಂಪನಿಯ ಕಾನೂನು ವಿಭಾಗ ಸೇರಿದರು. ಆಮೇಲೆ ಅಲ್ಲಿಯೇ ಒಂದು ವಕೀಲಿ ಸಂಸ್ಥೆಯಲ್ಲಿ ಕೆಲಸ. ಅದರ ಕಕ್ಷಿದಾರರಲ್ಲಿ ಆ ಸೀಮೆಯ ವಿದ್ಯುತ್ ಕಂಪನಿಯೂ ಒಂದು. ಬಿಳಿಯರ ಜನಾಂಗದ್ವೇಷಿ ಸಂಘಟನೆಯಾದ ಕು ಕ್ಲಕ್ಸ್ ಕ್ಲ್ಯಾನ್ ಊರಿನ ಶಾಲಾ ಮಂಡಳಿಯವರೆಗೆ ಕೈಚಾಚಿದ್ದ ಕಾಲ ಅದು. ವಿಲ್ಕಿ ಅದರ ವಿರುದ್ಧ ಬಹಿರಂಗವಾಗಿ ನಿಂತರು. 1929ರ ಶರತ್ಕಾಲದಲ್ಲಿ, ಷೇರುಪೇಟೆ ಕುಸಿಯಲು ಕೆಲವೇ ವಾರ ಇರುವಾಗ, ಕಾಮನ್‌ವೆಲ್ತ್ ಆ್ಯಂಡ್ ಸದರ್ನ್ ಎಂಬ ಹೊಸ ಹೋಲ್ಡಿಂಗ್ ಕಂಪನಿಯ (ಬೇರೆ ಕಂಪನಿಗಳ ಷೇರು ಹಿಡಿದು ಅವುಗಳನ್ನು ಆಳುವ ಕಂಪನಿ) ವಕೀಲರಾಗಿ ನ್ಯೂಯಾರ್ಕಿಗೆ ಹೋದರು. 1933ರ ಜನವರಿಯಲ್ಲಿ ಅದರ ಅಧ್ಯಕ್ಷರಾದರು. ಆಗ ಅವರಿಗೆ ನಲವತ್ತೊಂದೂ ತುಂಬಿರಲಿಲ್ಲ.

ವಿದ್ಯುತ್ ಕಂಪನಿ ನಡೆಸಲು ಎಂಜಿನಿಯರನೇ ಬೇಕು, ವಕೀಲನಿಗೆ ಅಲ್ಲೇನು ಕೆಲಸ ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದೇ ಬೀದಿಯಲ್ಲಿ ಎರಡು ಕಂಪನಿಗಳು ಎರಡು ಸಾಲು ಕಂಬ ನೆಟ್ಟರೆ ಇಬ್ಬರಿಗೂ ನಷ್ಟ. ಆದ್ದರಿಂದ ಒಬ್ಬನಿಗೇ ಪರವಾನಗಿ. ಒಬ್ಬನಿಗೇ ಕೊಟ್ಟ ಮೇಲೆ ಅವನು ಮನಸ್ಸಿಗೆ ಬಂದಷ್ಟು ವಸೂಲು ಮಾಡಬಾರದು. ಆದ್ದರಿಂದ ದರ ನಿಗದಿ ಮಾಡುವ ಆಯೋಗ. ಆಯೋಗ ದರ ಕಟ್ಟುವುದು ಕಂಪನಿಯ ಆಸ್ತಿಯ ಮೌಲ್ಯದ ಮೇಲೆ. ಆ ಮೌಲ್ಯ ಅಂದು ಹಾಕಿದ ಬಂಡವಾಳವೋ, ಇಂದು ಹೊಸದಾಗಿ ಕಟ್ಟಿದರೆ ಆಗುವ ಖರ್ಚೋ? 1898ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 'ನ್ಯಾಯವಾದ ಮೌಲ್ಯ' ಎಂಬ ಮಾತನ್ನು ಹೇಳಿಬಿಟ್ಟಿತು. ಅದರ ಅರ್ಥವೇನೆಂದು 1944ರವರೆಗೂ ವಕೀಲರು ಹೋರಾಡುತ್ತಲೇ ಇದ್ದರು. ತಂತಿಯಲ್ಲಿ ಹರಿಯುವುದು ಕರೆಂಟಾದರೂ ಕಂಪನಿಯ ಪ್ರಾಣ ಇರುವುದು ಕಾಗದದಲ್ಲಿ. ವಕೀಲ ಅಲ್ಲಿ ಹೊರಗಿನವನಲ್ಲ, ಮನೆಯವನೇ.

ಆದರೆ ಆ ಕಾಗದದ ಮನೆ ಎಷ್ಟು ಅಂತಸ್ತು ಏರಿತ್ತೆಂದರೆ, ಕೆಳಗಿನ ಕಂಪನಿಯ ಲಾಭವನ್ನು ಮೇಲಿನದು, ಅದರ ಲಾಭವನ್ನು ಅದಕ್ಕೂ ಮೇಲಿನದು ಹೀರುತ್ತಿತ್ತು. ಷಿಕಾಗೋದ ಸ್ಯಾಮ್ಯುಯೆಲ್ ಇನ್ಸಲ್ ಕಟ್ಟಿದ ಸಾಮ್ರಾಜ್ಯ 1932ರಲ್ಲಿ ಕುಸಿದಾಗ ಸಣ್ಣ ಉಳಿತಾಯದ ಅಸಂಖ್ಯ ಜನ ಬರಿಗೈಯಾದರು. ಮಿಷಿಗನ್‌ನಿಂದ ಫ್ಲಾರಿಡಾದವರೆಗೆ ಹಬ್ಬಿದ್ದ ಕಾಮನ್‌ವೆಲ್ತ್ ಆ್ಯಂಡ್ ಸದರ್ನ್ ಕೂಡ ಅದೇ ಜಾತಿಯ ಸಂಸ್ಥೆ. ವಿಲ್ಕಿ ಇನ್ಸಲ್‌ನಂಥವರಾಗಿರಲಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ಜನರ ಸಿಟ್ಟು ಅಕಾರಣವಾಗಿರಲಿಲ್ಲ.

ವಿಲ್ಕಿ ಅಧ್ಯಕ್ಷರಾದ ನಾಲ್ಕೇ ತಿಂಗಳಿಗೆ, 1933ರ ಮೇ 18ರಂದು, ರೂಸ್‌ವೆಲ್ಟ್ ಟೆನೆಸ್ಸಿ ವ್ಯಾಲಿ ಅಥಾರಿಟಿ (ಟಿವಿಎ) ಎಂಬ ಸರ್ಕಾರಿ ಸಂಸ್ಥೆಯ ಕಾಯ್ದೆಗೆ ಸಹಿ ಹಾಕಿದರು. ನದಿಗೆ ಅಣೆಕಟ್ಟು, ಪ್ರವಾಹ ತಡೆ, ದೋಣಿ ಸಂಚಾರ, ಜೊತೆಗೆ ಸರ್ಕಾರವೇ ಉತ್ಪಾದಿಸಿ ಮಾರುವ ವಿದ್ಯುತ್. (ನಮ್ಮ ದಾಮೋದರ ಕಣಿವೆ ನಿಗಮವನ್ನು 1948ರಲ್ಲಿ ಕಟ್ಟಿದ್ದು ಇದೇ ಮಾದರಿಯಲ್ಲಿ.) ಟಿವಿಎಯ ಮೂವರು ನಿರ್ದೇಶಕರಲ್ಲಿ ವಿದ್ಯುತ್ತಿನ ಹೊಣೆ ಹೊತ್ತವರು ಡೇವಿಡ್ ಲಿಲಿಯೆಂತಾಲ್. ಅವರಿಗೆ ಆಗ ಮೂವತ್ತಮೂರು ವರ್ಷ. ಅವರೂ ವಕೀಲರು, ಹಾರ್ವರ್ಡ್‌ನಲ್ಲಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರ ಶಿಷ್ಯರು, ಅವರೂ ಇಂಡಿಯಾನಾದಲ್ಲಿ ಬೆಳೆದವರು. ವಿಸ್ಕಾನ್ಸಿನ್ ರಾಜ್ಯದ ಆಯೋಗದಲ್ಲಿ ಕುಳಿತು ಕಂಪನಿಗಳ ದರದ ಲೆಕ್ಕವನ್ನು ಒಂದೊಂದಾಗಿ ಬಿಚ್ಚಿ ನೋಡಿದ್ದರು. ಒಂದೇ ನೆಲದ, ಒಂದೇ ವಿದ್ಯೆಯ ಇಬ್ಬರು ಎದುರುಬದುರಾದರು. ಹಿಡಿದ ವಕಾಲತ್ತು ಮಾತ್ರ ಬೇರೆ.

ಇಬ್ಬರ ಹಿಂದೆಯೂ ಇದ್ದದ್ದು ಕತ್ತಲು. ಆ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಹತ್ತು ರೈತರ ಮನೆಗಳಲ್ಲಿ ಸುಮಾರು ಒಂಬತ್ತಕ್ಕೆ ವಿದ್ಯುತ್ ಇರಲಿಲ್ಲ. ದಕ್ಷಿಣದ ಹಳ್ಳಿಗಳ ಪಾಡು ಇನ್ನೂ ಕೆಟ್ಟದ್ದು. ಸೀಮೆಎಣ್ಣೆ ದೀಪ, ಕೈಯಿಂದ ಸೇದುವ ನೀರು, ಒಲೆಯ ಮೇಲೆ ಕಾಯಿಸಿ ತಿಕ್ಕುವ ಇಸ್ತ್ರಿ. ಮೈಲಿಗೆ ಮೂರು ನಾಲ್ಕು ಮನೆ ಇರುವ ಕಡೆ ಲೈನ್ ಎಳೆದರೆ ಖರ್ಚು ಹುಟ್ಟುವುದಿಲ್ಲ ಎಂದು ಕಂಪನಿಗಳು ಹೇಳುತ್ತಿದ್ದವು. ಕಂಪನಿಯ ಪುಸ್ತಕದಲ್ಲಿ ಆ ಲೆಕ್ಕ ಸರಿಯಾಗಿಯೇ ಇತ್ತು. ನನ್ನ ತಕರಾರು ಇರುವುದು ಆ ಪುಸ್ತಕದ ಮೇಲೆಯೇ. ಬಿಲ್ಲು ಹೆಚ್ಚಾದರೆ ಗ್ರಾಹಕ ಆಯೋಗದ ಮುಂದೆ ಹೋಗಬಹುದು. ಡಿವಿಡೆಂಡ್ ಬರದಿದ್ದರೆ ಷೇರುದಾರ ನ್ಯಾಯಾಲಯಕ್ಕೆ ಹೋಗಬಹುದು. ಮೀಟರೇ ಇಲ್ಲದವನು ಎಲ್ಲಿಗೆ ಹೋಗಬೇಕು? ಅವನು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಯಾವ ಕಡತದಲ್ಲಿಯೂ ಅವನ ಹೆಸರಿಲ್ಲ. ಎಷ್ಟೇ ಒಳ್ಳೆಯ ವಕೀಲನಾದರೂ ಅಧ್ಯಕ್ಷನ ಕುರ್ಚಿಯಲ್ಲಿ ಕುಳಿತಾಗ ಕಣ್ಣಿಗೆ ಬೀಳದೆ ಹೋಗುವವನು ಅವನೇ.

ಟಿವಿಎ ಮೊದಲು ಮಾಡಿದ್ದು ಅವನು ಕೊಳ್ಳಬಹುದಾದ ದರವನ್ನು ಘೋಷಿಸಿದ್ದು. ತಿಂಗಳ ಮೊದಲ 50 ಯೂನಿಟ್‌ಗೆ ಮೂರು ಸೆಂಟ್, ನಂತರದ 150ಕ್ಕೆ ಎರಡು, ಅದರ ಮುಂದಿನ 200ಕ್ಕೆ ಒಂದು. ದೇಶದ ಸರಾಸರಿ ಆಗ ಐದು ಸೆಂಟ್‌ಗೂ ಮೇಲಿತ್ತು. 1934ರ ಫೆಬ್ರುವರಿಯಲ್ಲಿ ಮಿಸಿಸಿಪ್ಪಿಯ ಟುಪೆಲೊ ಈ ವಿದ್ಯುತ್ ಕೊಂಡ ಮೊದಲ ನಗರವಾಯಿತು. ದರ ಇಳಿದರೆ ಬಳಕೆ ಏರುತ್ತದೆ, ಬಳಕೆ ಏರಿದರೆ ಯೂನಿಟ್‌ನ ಖರ್ಚು ಇಳಿಯುತ್ತದೆ ಎಂಬುದು ಲಿಲಿಯೆಂತಾಲರ ನಂಬಿಕೆ. ವಿಲ್ಕಿಯೂ ಅದನ್ನು ಬಲ್ಲವರೇ. ಹೆಚ್ಚು ಬಳಸುವ ಮನೆಗೆ ಹೆಚ್ಚುವರಿ ಯೂನಿಟ್ ಅಗ್ಗವಾಗುವಂತೆ ದರಪಟ್ಟಿ ತಂದರು, ಒಲೆ ಮತ್ತು ಫ್ರಿಜ್ ಮಾರಲು ತಮ್ಮ ಜನರನ್ನು ಮನೆಮನೆಗೆ ಕಳಿಸಿದರು. ಅವರ ಕಂಪನಿಗಳ ದರವೂ ಇಳಿಯಿತು. ಟಿವಿಎಯ ಹೆದರಿಕೆ ಇಲ್ಲದಿದ್ದರೆ ಅಷ್ಟು ಬೇಗ ಇಳಿಯುತ್ತಿತ್ತೆಂದು ನಾನು ನಂಬುವುದಿಲ್ಲ.

ವಿಲ್ಕಿಯ ವಾದದಲ್ಲಿ ಸತ್ವವಿತ್ತು. ಅಣೆಕಟ್ಟಿನ ಖರ್ಚಿನಲ್ಲಿ ಒಂದು ಪಾಲನ್ನು ಪ್ರವಾಹ ತಡೆಗೆ, ಇನ್ನೊಂದು ಪಾಲನ್ನು ದೋಣಿ ಸಂಚಾರಕ್ಕೆ ಬರೆದು, ಉಳಿದದ್ದನ್ನು ಮಾತ್ರ ವಿದ್ಯುತ್ತಿನ ಮೇಲೆ ಹಾಕಿ, ನಮ್ಮ ದರವೇ ಅಳತೆಗೋಲು ಎಂದರೆ ಅದು ಸರಿಯಾದ ಅಳತೆಯೇ ಎಂದು ಅವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅವರು ಕೇಳದ ಪ್ರಶ್ನೆಯೂ ಒಂದಿತ್ತು. ಟಿವಿಎ ಕಟ್ಟಿದ ನಾರಿಸ್ ಅಣೆಕಟ್ಟಿಗಾಗಿ ಸುಮಾರು 3,000 ಕುಟುಂಬಗಳು ಮನೆ ಬಿಟ್ಟು ಏಳಬೇಕಾಯಿತು. ಜಮೀನು ಇದ್ದವರಿಗೆ ಪರಿಹಾರ ಸಿಕ್ಕಿತು. ಗೇಣಿ ಮಾಡುತ್ತಿದ್ದವರಿಗೆ ಸಿಗಲಿಲ್ಲ. ಅವರದೂ ಯಾವ ಕಡತದಲ್ಲಿಯೂ ಹೆಸರಿಲ್ಲದ ಬದುಕು. ನಾನು ಟಿವಿಎಯ ಪಕ್ಷದವನು, ಆದರೆ ಇದನ್ನು ನುಂಗಿಕೊಂಡು ಆ ಪಕ್ಷ ಹಿಡಿಯಲಾರೆ.

ಜಗಳ ನ್ಯಾಯಾಲಯಕ್ಕೆ ಹೋಯಿತು. ವಿಲ್ಕಿಯ ಸಮೂಹದ್ದೇ ಆದ ಅಲಬಾಮಾ ಪವರ್ ಕಂಪನಿಯ ಕೆಲವು ಷೇರುದಾರರು ಹೂಡಿದ ದಾವೆಯಲ್ಲಿ 1936ರಲ್ಲಿ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದರ ಬಹುಮತದಿಂದ ಟಿವಿಎ ವಿದ್ಯುತ್ ಮಾರಬಹುದು ಎಂದಿತು. ಬಳಿಕ ಕಂಪನಿಗಳೇ ಒಟ್ಟುಗೂಡಿ ಹೋರಾಡಿದವು, ನಡುವೆ ಕೆಲವು ತಿಂಗಳು ತಡೆಯಾಜ್ಞೆಯನ್ನೂ ಪಡೆದವು. 1938ರ ಜನವರಿಯಲ್ಲಿ ವಿಲ್ಕಿ ರೇಡಿಯೊದಲ್ಲಿ ಸರ್ಕಾರದ ವಕೀಲ ರಾಬರ್ಟ್ ಜಾಕ್ಸನ್ ಜೊತೆ ವಾದಕ್ಕಿಳಿದರು. ವಿಲ್ಕಿಯೇ ಗೆದ್ದರೆಂದು ಕೇಳಿದವರು ಮಾತಾಡಿಕೊಂಡರು. ದೇಶಕ್ಕೆ ಅವರ ಪರಿಚಯವಾದದ್ದು ಅಂದೇ. ಆದರೆ 1939ರ ಜನವರಿ 30ರಂದು ಸುಪ್ರೀಂ ಕೋರ್ಟ್ ಐದಕ್ಕೆ ಎರಡರಂತೆ ಕಂಪನಿಗಳನ್ನು ಹಿಂದಕ್ಕೆ ಕಳಿಸಿತು: ಪೈಪೋಟಿಯಿಂದ ನಷ್ಟವಾಗುತ್ತದೆ ಎಂಬುದೊಂದೇ ಕಾರಣಕ್ಕೆ ದಾವೆ ಹೂಡುವ ಹಕ್ಕು ಹುಟ್ಟುವುದಿಲ್ಲ. ಕಂಬವಿಲ್ಲದ ಮನೆಯವನು ಎಂದಿನಿಂದಲೂ ನಿಂತಿದ್ದ ಜಾಗಕ್ಕೆ, ನ್ಯಾಯಾಲಯದ ಬಾಗಿಲ ಹೊರಗೆ, ಕಂಪನಿಗಳೂ ಬಂದು ನಿಂತವು. ಈ ತೀರ್ಪನ್ನು ಓದುವಾಗಲೆಲ್ಲ ನಾನು ಆ ಸಾಲಿನ ಬಳಿ ತಡೆದು ನಿಲ್ಲುತ್ತೇನೆ.

ವಿಲ್ಕಿಯ ವಕೀಲಿ ಬುದ್ಧಿಯನ್ನು ನಾನು ಮನಸಾರೆ ಮೆಚ್ಚುವುದು ಇಲ್ಲಿಂದ ಮುಂದೆ. ಕೇಸು ಸೋತ ಮೇಲೂ ಹಟ ಹಿಡಿದು, ಅರ್ಜಿಯ ಮೇಲೆ ಅರ್ಜಿ ಹಾಕಿ, ಕಕ್ಷಿದಾರನ ಗಂಟು ಕರಗಿಸುವ ವಕೀಲರನ್ನು ನಾನು ಸಾಕಷ್ಟು ನೋಡಿದ್ದೇನೆ. ವಿಲ್ಕಿ ತತ್ವದ ಜಗಳ ಮುಗಿಯಿತೆಂದು ಅರಿತು ಬೆಲೆಯ ಮಾತಿಗೆ ಕುಳಿತರು. ಲಿಲಿಯೆಂತಾಲ್ ಕಾಯಿಲೆ ಬಿದ್ದಿದ್ದರು. ಟಿವಿಎಯ ಪರವಾಗಿ ಚೌಕಾಸಿ ನಡೆಸಿದವರು ಜೂಲಿಯಸ್ ಕ್ರುಗ್. ತೀರ್ಪು ಬಂದ ಕೆಲವೇ ದಿನಗಳಲ್ಲಿ, ಫೆಬ್ರುವರಿಯಲ್ಲಿ, ತಮ್ಮ ಸಮೂಹದ ಟೆನೆಸ್ಸಿ ಎಲೆಕ್ಟ್ರಿಕ್ ಪವರ್ ಕಂಪನಿಯನ್ನು ಟಿವಿಎಗೆ 7 ಕೋಟಿ 86 ಲಕ್ಷ ಡಾಲರಿಗೆ ಮಾರುವ ಒಪ್ಪಂದವಾಯಿತು. ಆಗಸ್ಟ್ 15ರಂದು ನ್ಯೂಯಾರ್ಕಿನ ಬ್ಯಾಂಕೊಂದರಲ್ಲಿ ಲಿಲಿಯೆಂತಾಲ್ ಚೆಕ್ ಕೊಟ್ಟರು, ವಿಲ್ಕಿ ತೆಗೆದುಕೊಂಡರು. ಇಂಡಿಯಾನಾದ ಇಬ್ಬರು ಹುಡುಗರ ಕೈಯಲ್ಲಿ ಇಷ್ಟೊಂದು ಹಣ ಎಂಬರ್ಥದ ಮಾತನ್ನು ವಿಲ್ಕಿ ನಗುತ್ತಾ ಆಡಿದರೆಂದು ದಾಖಲೆಯಾಗಿದೆ. ದಾವೆ ಹೂಡಲು ಹಕ್ಕೇ ಇಲ್ಲವೆನಿಸಿಕೊಂಡ ಕಂಪನಿಗೆ ಅಂಥ ಬೆಲೆ ತಂದುಕೊಟ್ಟವರು ಅವರು. ಆ ಕಂಪನಿಯ ಬಾಂಡ್‌ಗಳಲ್ಲಿ ಉಳಿತಾಯ ಇಟ್ಟಿದ್ದವರ ಹಣ ಮುಳುಗಲಿಲ್ಲ. ಅವರೂ ನಿಜವಾದ ಮನುಷ್ಯರೇ, ಅವರಿಗೂ ವಕೀಲನೊಬ್ಬ ಬೇಕಿತ್ತು. ಇತ್ತ ಟೆನೆಸ್ಸಿಯ ಮನೆಗಳಿಗೆ ಅಗ್ಗದ ಕರೆಂಟು ಬಂತು.

ಮರುವರ್ಷ ವಿಲ್ಕಿ ಕಂಪನಿ ಬಿಟ್ಟು ಚುನಾವಣೆಗೆ ನಿಂತರು. ಎರಡು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದು ಸೋತರು. ರೂಸ್‌ವೆಲ್ಟ್ ಸಂಪುಟದ ಸಚಿವ ಹೆರಾಲ್ಡ್ ಇಕ್ಸ್, ವಿಲ್ಕಿಯನ್ನು 'ಬರಿಗಾಲಿನ ವಾಲ್ ಸ್ಟ್ರೀಟ್ ವಕೀಲ' ಎಂದು ಚುಚ್ಚಿದ್ದರು. ಹಾಗೆ ಚುಚ್ಚಿದ ಸರ್ಕಾರದ ಲೆಂಡ್-ಲೀಸ್ ಮಸೂದೆ (ಯುದ್ಧದಲ್ಲಿದ್ದ ಮಿತ್ರ ದೇಶಗಳಿಗೆ ಶಸ್ತ್ರಾಸ್ತ್ರ ಒದಗಿಸುವಂಥದ್ದು) 1941ರಲ್ಲಿ ಸೆನೆಟ್ ಮುಂದೆ ಬಂದಾಗ ಅದನ್ನು ಬೆಂಬಲಿಸಿ ಸಾಕ್ಷ್ಯ ಹೇಳಿದ್ದು ಅದೇ ವಿಲ್ಕಿ. ಲಿಲಿಯೆಂತಾಲ್ 1941ರಲ್ಲಿ ಟಿವಿಎ ಅಧ್ಯಕ್ಷರಾಗಿ, ಯುದ್ಧದ ನಂತರ ಪರಮಾಣು ಶಕ್ತಿ ಆಯೋಗದ ಮೊದಲ ಅಧ್ಯಕ್ಷರಾದರು. ಅವರ ಬಗ್ಗೆ ಬೇರೆಯೇ ಬರೆಯಬೇಕು.

ಸೋತ ಮೇಲೆ ವಿಲ್ಕಿ ಮತ್ತೆ ಕರಿಕೋಟಿಗೆ ಮರಳಿದರು. ಆಗ ಅವರ ಬಳಿ ಬಂದದ್ದು ವಿಲಿಯಂ ಷ್ನೈಡರ್‌ಮನ್ ಪ್ರಕರಣ. ರಷ್ಯಾದಲ್ಲಿ ಹುಟ್ಟಿ, ಮಗುವಾಗಿದ್ದಾಗ ಅಮೆರಿಕಕ್ಕೆ ಬಂದು, 1927ರಲ್ಲಿ ಪೌರತ್ವ ಪಡೆದಾತ. ಕ್ಯಾಲಿಫೋರ್ನಿಯಾದ ಕಮ್ಯುನಿಸ್ಟ್ ನಾಯಕ. ಆ ಪಕ್ಷದಲ್ಲಿದ್ದ ಕಾರಣಕ್ಕೆ ಸರ್ಕಾರ ಆತನ ಪೌರತ್ವ ಕಿತ್ತುಕೊಳ್ಳಲು ಹೊರಟಿತ್ತು. ವಿದ್ಯುತ್ ಬಂಡವಾಳಶಾಹಿಯ ಮುಖವೇ ಆಗಿದ್ದ ಮನುಷ್ಯ, ಮತ್ತೊಮ್ಮೆ ಅಧ್ಯಕ್ಷನಾಗುವ ಆಸೆ ಉಳಿದಿದ್ದ ಮನುಷ್ಯ, ಆ ವಕಾಲತ್ತನ್ನು ಹಿಡಿದರು, ಶುಲ್ಕ ಪಡೆಯದೆ. ಸುಮಾರು ನಾಲ್ಕು ವರ್ಷದ ಹಿಂದೆ ಅವರ ಕಂಪನಿಗಳಿಗೆ ಹಕ್ಕಿಲ್ಲವೆಂದು ಹೇಳಿದ್ದ ಅದೇ ನ್ಯಾಯಾಲಯದಲ್ಲಿ, 1942ರ ನವೆಂಬರಿನಲ್ಲಿ, ತಾವೇ ಎದ್ದು ನಿಂತು ವಾದಿಸಿದರು. ಮುಂದಿನ ಮಾರ್ಚಿನಲ್ಲಿ ಇನ್ನೊಮ್ಮೆ. 1943ರ ಜೂನ್ 21ರಂದು ಐದಕ್ಕೆ ಮೂರರಂತೆ ತೀರ್ಪು ಬಂತು. ಲಿಲಿಯೆಂತಾಲರ ಗುರು ಫ್ರಾಂಕ್‌ಫರ್ಟರ್ ಆಗ ನ್ಯಾಯಮೂರ್ತಿ. ಅವರು ಭಿನ್ನಮತದ ಕಡೆಗಿದ್ದರು. ರೇಡಿಯೊದಲ್ಲಿ ಎದುರಾಳಿಯಾಗಿದ್ದ ಜಾಕ್ಸನ್ ಕೂಡ ಅಷ್ಟರಲ್ಲಿ ಅದೇ ಪೀಠ ಸೇರಿದ್ದರು. ಅವರು ಈ ಪ್ರಕರಣದಿಂದ ದೂರ ಉಳಿದರು. ಷ್ನೈಡರ್‌ಮನ್ ಪೌರತ್ವ ಉಳಿಯಿತು.