ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿದರೆ ಸಿಸೇರಿಯನ್ನೇ ಆಗಬೇಕೆಂದಿಲ್ಲ

‘ಸ್ಕ್ಯಾನಿಂಗ್‌ನಲ್ಲಿ ಮಗುವಿನ ಕೊರಳಿಗೆ ಬಳ್ಳಿ ಸುತ್ತಿದ್ದು ಕಂಡರೆ ತಕ್ಷಣ ಆಪರೇಷನ್ ಮಾಡಿಸಿ, ಇಲ್ಲದಿದ್ದರೆ ಉಸಿರು ಕಟ್ಟುತ್ತದೆ. ಬಸುರಿ ಕೈ ಮೇಲೆತ್ತಿ ಬಟ್ಟೆ ಒಣಹಾಕಿದ್ದೇ ಕಾರಣ’ ಎಂಬ ವಾಟ್ಸ್ಆ್ಯಪ್ ಸಂದೇಶ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಹೊಟ್ಟೆಯೊಳಗಿನ ಮಗು ಮೂಗಿನಿಂದ ಉಸಿರಾಡುವುದಿಲ್ಲ. ಆಮ್ಲಜನಕ ಬರುವುದು ಅದೇ ಬಳ್ಳಿಯ ರಕ್ತದಿಂದ. ಬಳ್ಳಿ ಸುಮಾರು 50 ಸೆಂಟಿಮೀಟರ್ ಉದ್ದ. ಒಳಗಿನ ರಕ್ತನಾಳಗಳ ಸುತ್ತ ಲೋಳೆಯಂಥ ದಪ್ಪ ಪದರವಿದೆ, ಅದಕ್ಕೇ ಅವು ಸುಲಭವಾಗಿ ಅದುಮಿಹೋಗುವುದಿಲ್ಲ. ನಾಲ್ಕೈದು ಹೆರಿಗೆಗೆ ಒಂದರಲ್ಲಾದರೂ ಹೀಗೆ ಸುತ್ತಿರುತ್ತದೆ. ತಲೆ ಹೊರಬಂದಾಗ ವೈದ್ಯರೋ ನರ್ಸೋ ಬೆರಳಿನಿಂದ ಮೆಲ್ಲಗೆ ಬಿಡಿಸುತ್ತಾರೆ, ಅಷ್ಟೇ. ಅಪರೂಪಕ್ಕೆ ಬಿಗಿಯಾಗಿ ತೊಂದರೆ ಆಗುವುದುಂಟು. ಅದಕ್ಕೇ ಹೆರಿಗೆ ಹೊತ್ತಲ್ಲಿ ಮಗುವಿನ ಎದೆಬಡಿತ ನೋಡುತ್ತಿರುತ್ತಾರೆ. ಆಪರೇಷನ್ ಬೇಕೋ ಬೇಡವೋ ಎಂಬುದು ಅಂಥ ಲಕ್ಷಣಗಳ ಮೇಲೆ ನಿಂತಿದೆ, ಬರೀ ಸ್ಕ್ಯಾನಿಂಗ್ ರಿಪೋರ್ಟಿನ ಮೇಲಲ್ಲ.

ಬಳ್ಳಿ ಸುತ್ತುವುದು ಮಗು ಒಳಗೆ ಹೊರಳಾಡುವುದರಿಂದ. ತಾಯಿ ಕೈ ಎತ್ತಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಬಸುರಿಯನ್ನು ಸುಮ್ನೆ ತಪ್ಪಿತಸ್ಥಳನ್ನಾಗಿ ಮಾಡುವುದು ನೋವಿನ ಸಂಗತಿ ಅಲ್ವಾ? ಹೀಗೆ ಬಳ್ಳಿಯ ಮಾಲೆ ಹಾಕಿಕೊಂಡು ಹುಟ್ಟಿದ ಮಗು ಸೋದರಮಾವನಿಗೆ ಆಗಿಬರಲ್ಲ ಎನ್ನುವುದಕ್ಕೂ ಆಧಾರವಿಲ್ಲ.

ಆದರೆ ಮಗುವಿನ ಒದೆತ ಕಡಿಮೆಯಾದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಆ ಸಂದೇಶ ನಿಮಗೆ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ.