ಮಡಿಯಲ್ಲಿ ಕೂತ ಫೈಲು

ಚಿಕ್ಕಪ್ಪನ ದಿನಸಿ ಅಂಗಡಿಯ ಉದ್ರಿ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿಕೊಟ್ಟವನು ನಾನು. ಯಾರೂ ಕೇಳಿರಲಿಲ್ಲ. ಗಲ್ಲಾ ಪಕ್ಕ ದಾರದಲ್ಲಿ ನೇತಾಡುತ್ತಿದ್ದ ನೋಟ್‌ಬುಕ್ಕು ಚೆನ್ನಾಗಿಯೇ ಇತ್ತು. ಆದರೂ ನನ್ನ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಲೆಕ್ಕದ ಪುಟವನ್ನು ಬ್ರೌಸರಿಗೆ ಒದಗಿಸೋ ಟಾಮ್‌ಕ್ಯಾಟ್ ಕೂರಿಸಿ, ಲೆಕ್ಕ ಇಡೋದಕ್ಕೆ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸು ಜೋಡಿಸಿ, ಅಕ್ಕಿ ಮೂಟೆಗಳ ಹಿಂದೆ ಇಟ್ಟು ಬಂದಿದ್ದೆ.

ಭಾನುವಾರ ಬೆಳಿಗ್ಗೆ ಆರೂವರೆಗೆ ಫೋನು. "ರಾತ್ರಿ ಕರೆಂಟ್ ಹೋಗಿತ್ತು ಕಣೋ. ನಿನ್ನ ಡಬ್ಬಿ ಏಳ್ತಾ ಇಲ್ಲ."

ಹೋಗಿ ನೋಡಿದೆ. ಟಾಮ್‌ಕ್ಯಾಟ್ ಅನ್ನೋ ಹೆಸರಿನ ಯೂಸರ್ ಆಗಿ ಸ್ಟಾರ್ಟಪ್ ಸ್ಕ್ರಿಪ್ಟ್ ಓಡಿಸಿದೆ. ಪರದೆಯಲ್ಲಿ 'ಕೆನಾಟ್ ಟಚ್, ಪರ್ಮಿಷನ್ ಡಿನೈಡ್'. ಟಾಮ್‌ಕ್ಯಾಟ್ ತನ್ನ ದಿನಚರಿ ಬರೆದಿಡೋ ಲಾಗ್ಸ್ ಫೋಲ್ಡರಿನ ಕ್ಯಾಟಲೀನಾ ಡಾಟ್ ಔಟ್ ಅನ್ನೋ ಫೈಲನ್ನು ಮುಟ್ಟೋ ಹಾಗಿಲ್ಲವಂತೆ. ನಮ್ಮಜ್ಜಿ ಮಡಿಯುಟ್ಟಾಗಲೂ ಇದೇ ಮಾತು, ಇದೇ ದನಿ.

ತಮಾಷೆ ಅಂದ್ರೆ ಕೊನೆಯ ಸಾಲು. 'ಟಾಮ್‌ಕ್ಯಾಟ್ ಸ್ಟಾರ್ಟೆಡ್' ಅಂತಿತ್ತು! ಆ ಸ್ಕ್ರಿಪ್ಟು ಒಳಗೆ ಏನಾಯ್ತು ಅಂತ ತಿರುಗಿ ನೋಡೋದೇ ಇಲ್ಲ, ಕೊನೆಗೆ ಸುಮ್ನೆ ಹಾಗಂತ ಹೇಳಿಬಿಡುತ್ತೆ. ಅದನ್ನು ನಂಬಿ ನಾನೂ "ಆಯ್ತು ಚಿಕ್ಕಪ್ಪ" ಅಂದೆ. ಆಗಿರಲಿಲ್ಲ.

ಅಷ್ಟರಲ್ಲಿ ಹಾಲು, ಬ್ರೆಡ್ಡಿಗೆ ಜನ ಬರತೊಡಗಿದರು. ಇಂಥ ಹೊತ್ತಲ್ಲಿ ಯಾರಿಗೆ ತಾಳ್ಮೆ ಇರುತ್ತೆ? ಲಿನಕ್ಸ್‌ನಲ್ಲಿ ಫೈಲಿನ ಅನುಮತಿಗೆ ಅಂಕಿಗಳು: ಓದೋದಕ್ಕೆ 4, ಬರೆಯೋದಕ್ಕೆ 2, ಓಡಿಸೋದಕ್ಕೆ 1. ಒಟ್ಟು 7. ಫೈಲಿನ ಒಡೆಯನಿಗೊಂದು ಏಳು, ಅವನ ಗುಂಪಿಗೊಂದು ಏಳು, ಮಿಕ್ಕ ಊರಿಗೆಲ್ಲ ಒಂದು ಏಳು. ಸೋಮಾರಿಗಳ ಮಂತ್ರ 777. ಟಾಮ್‌ಕ್ಯಾಟ್, ಡೇಟಾಬೇಸು, ಬ್ಯಾಕಪ್ಪಿನ ಕೀಲಿ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ತುರುಕಿದ್ದೆ. ಇಡೀ ಫೋಲ್ಡರಿಗೆ 777 ಹೊಡೆದು, ಎಲ್ಲವನ್ನೂ ಹೊಸದಾಗಿ ಶುರು ಮಾಡಿದೆ.

ಟಾಮ್‌ಕ್ಯಾಟ್ ಎದ್ದಿತು. ಪೋಸ್ಟ್‌ಗ್ರೆಸ್ ಮಲಗಿತು.

ಅದರ ತಕರಾರು ಉಲ್ಟಾ. ಡೇಟಾ ಫೋಲ್ಡರಿಗೆ ಅನುಮತಿ ಜಾಸ್ತಿಯಾಯ್ತಂತೆ. 700 ಇರಬೇಕು, ಬಹಳ ಅಂದ್ರೆ 750, ಇಲ್ಲದಿದ್ರೆ ನಾನು ಏಳಲ್ಲ ಅಂತ ಹಟ. ಮದುವೆಮನೆಯಲ್ಲಿ ಕರೆಯಲಿಲ್ಲ ಅಂತ ಒಬ್ಬರಿಗೆ ಸಿಟ್ಟು, ಎಲ್ಲರನ್ನೂ ಕರೆದರು ಅಂತ ಇನ್ನೊಬ್ಬರಿಗೆ ಸಿಟ್ಟು, ಅಲ್ವಾ? ಇದೂ ಹಾಗೇ. ಇರೋ ಲೆಕ್ಕವಾದರೂ ಉಳೀಲಿ ಅಂತ ಬ್ಯಾಕಪ್ ಕಳಿಸಹೋದರೆ, ದೂರದ ಯಂತ್ರಕ್ಕೆ ಕೀಲಿಯಿಂದ ದಾರಿ ತೆರೆಯೋ ಎಸ್‌ಎಸ್‌ಎಚ್ ಪರದೆ ತುಂಬ @ ಗುರುತುಗಳ ರಂಗೋಲಿ ಬಿಡಿಸಿ, 'ನಿನ್ನ ಕೀಲಿಯನ್ನು ಊರೆಲ್ಲ ಓದಬಹುದು, ನಾನು ಮುಟ್ಟಲ್ಲ' ಅಂದಿತು. ಬೆಳಿಗ್ಗೆಯಿಂದ ಮುಟ್ಟಲ್ಲ ಅಂದವರಲ್ಲಿ ಇದು ಎರಡನೆಯದು.

ಗಿರಾಕಿಗಳ ಎದುರು ಬೆವರು ಒರೆಸಿಕೊಂಡೆ. ಡೇಟಾ ಫೋಲ್ಡರಿಗೆ 700, ಕೀಲಿಗೆ 600, ಮಿಕ್ಕಿದ್ದಕ್ಕೆಲ್ಲ ಮೊದಲಿದ್ದ ಹಾಗೆ ಮಾಡಿ, ಎಲ್ಲವನ್ನೂ ಮತ್ತೆ ಶುರು ಮಾಡಿದೆ. ಪೋಸ್ಟ್‌ಗ್ರೆಸ್ ಎದ್ದಿತು. ಟಾಮ್‌ಕ್ಯಾಟ್ ಮತ್ತೆ ಮಡಿ.

ಮೊದಲೇ ಮಾಡಬೇಕಿದ್ದ ಕೆಲಸ ಆಮೇಲೆ ನೆನಪಾಯ್ತು. ಫೈಲು ಯಾರದು ಅಂತ ತೋರಿಸೋ 'ಎಲ್‌ಎಸ್ ಮೈನಸ್ ಎಲ್' ಹೊಡೆದೆ. ಆ ಲಾಗ್ ಫೈಲಿನ ಒಡೆಯ ರೂಟ್, ಅಂದ್ರೆ ಇಡೀ ಯಂತ್ರದ ಯಜಮಾನ! ಶನಿವಾರ ರಾತ್ರಿ ನಾನೇ ಮನೆಯಿಂದ ಲಾಗಿನ್ ಆಗಿ, ಹಳೇ ಲಾಗುಗಳನ್ನು ಅಳಿಸಿ, ಟಾಮ್‌ಕ್ಯಾಟನ್ನು ಸುಡೋ ಹಾಕಿ, ಅಂದ್ರೆ ರೂಟ್ ಆಗಿ, ಶುರು ಮಾಡಿದ್ದೆ. ರೂಟ್ ಶುರು ಮಾಡಿದರೆ ಹೊಸ ಫೈಲು ರೂಟ್‌ನದೇ. ಕರೆಂಟ್ ಹೋಗೋ ತನಕ ಎಲ್ಲ ಸರಿಯಾಗೇ ಓಡಿದೆ. ಬೆಳಿಗ್ಗೆ ಬಡಪಾಯಿ ಟಾಮ್‌ಕ್ಯಾಟ್ ಬಂದು ನೋಡಿದರೆ, ಅವನ ಮನೆಯ ಬಾಗಿಲಿಗೆ ಯಜಮಾನರ ಬೀಗ.

ಪೋಸ್ಟ್‌ಗ್ರೆಸ್‌ನ ಪಾಲು ಬಿಟ್ಟು, ಟಾಮ್‌ಕ್ಯಾಟ್ ಫೋಲ್ಡರನ್ನಷ್ಟೇ 'ಚೌನ್' ಮಾಡಿ ಅವನ ಹೆಸರಿಗೆ ಬರೆದುಕೊಟ್ಟೆ. ಒಂದೇ ಸಾಲು. ಎರಡು ಸೆಕೆಂಡೂ ಹಿಡಿಯಲಿಲ್ಲ. ಗಡಿಯಾರದಲ್ಲಿ ಹತ್ತೂಕಾಲು.

"ಏನಾಗಿತ್ತೋ?" ಚಿಕ್ಕಪ್ಪ ಕೇಳಿದರು. ಅಷ್ಟು ಹೊತ್ತೂ ದಾರದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

"ರೂಟ್ ಅಂತ ಒಬ್ಬ. ರಾತ್ರಿ ಬಂದು ಫೈಲನ್ನ ತನ್ನ ಹೆಸರಿಗೆ ಮಾಡ್ಕೊಂಡು ಹೋಗಿದ್ದ."

"ಅಂಥವನ ಕೈಗೆ ಅಂಗಡಿ ಬೀಗದಕೈ ಯಾರು ಕೊಟ್ಟಿದ್ದು?"

ನಾನು ಬ್ರೆಡ್ಡು ಜೋಡಿಸತೊಡಗಿದೆ.