ಪ್ರಧಾನಿಗೊಂದು ಬಡತನದ ಪ್ರಮಾಣಪತ್ರ

2012ರ ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಅವರಿಗೆ ತಾವೂ ಪೇಸ್ಟಿ ತಿನ್ನುವ ಮನುಷ್ಯರೇ ಎಂದು ಸಾಬೀತು ಮಾಡುವ ಪ್ರಸಂಗ ಬಂತು. ಪೇಸ್ಟಿ ಎಂದರೆ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ, ನೋಡಲು ನಮ್ಮ ಕರ್ಜಿಕಾಯಿಯ ದೊಡ್ಡಣ್ಣನಂತಿರುವ ತಿಂಡಿ. ಗಣಿ ಕೆಲಸದವರ ಬುತ್ತಿ ಎಂದೇ ಅದಕ್ಕೆ ಹೆಸರು. ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ಬಿಸಿ ಪೇಸ್ಟಿಯ ಮೇಲೆ ಶೇ 20 ತೆರಿಗೆ ಹಾಕಲು ಹೊರಟಿದ್ದರು. ಬೀದಿಬದಿಯ ಅಂಗಡಿಯಲ್ಲಿ ನೀವು ಕಡೆಯ ಸಲ ಪೇಸ್ಟಿ ಕೊಂಡದ್ದು ಯಾವಾಗ ಎಂದು ಸಂಸದೀಯ ಸಮಿತಿಯಲ್ಲಿ ಕೇಳಿದಾಗ ಸಚಿವರಿಗೆ ನೆನಪಾಗಲಿಲ್ಲ. ಆಗ ಪ್ರಧಾನಿ ಮುಂದೆ ಬಂದರು. ಲೀಡ್ಸ್ ರೈಲು ನಿಲ್ದಾಣದಲ್ಲಿ ತಾವು ಪೇಸ್ಟಿ ತಿಂದಿದ್ದಾಗಿಯೂ, ದೊಡ್ಡದನ್ನೇ ಕೊಂಡಿದ್ದಾಗಿಯೂ, ಅದು ಬಹಳ ಚೆನ್ನಾಗಿತ್ತೆಂದೂ ಹೇಳಿದರು. ಅವರು ಹೆಸರು ಹೇಳಿದ ಅಂಗಡಿ ಆ ನಿಲ್ದಾಣದಲ್ಲಿ ಬಾಗಿಲು ಮುಚ್ಚಿ ವರ್ಷಗಳೇ ಆಗಿದ್ದವು ಎಂದು ಪತ್ರಕರ್ತರು ಸಂಜೆಯೊಳಗೆ ಪತ್ತೆ ಹಚ್ಚಿದರು.

ಓದಿದ್ದು ಎಲ್ಲಿ ಎಂದು ಕೇಳಿದ್ದರೆ ಇಷ್ಟು ಪೇಚಾಟವೇ ಇರುತ್ತಿರಲಿಲ್ಲ. ಈಟನ್ ಎಂಬ ದುಬಾರಿ ಖಾಸಗಿ ಶಾಲೆ. ಅದು ಮುಚ್ಚಿಲ್ಲ, ಮುಚ್ಚುವುದೂ ಇಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬುದು ನಮ್ಮ ಗಾದೆ. ಬ್ರಿಟನ್ನಿನ ರಾಜಕಾರಣದಲ್ಲಿ ಇದು ತಲೆಕೆಳಗಾಗಿದೆ. ಜುಟ್ಟಿನ ತುಂಬ ಮಲ್ಲಿಗೆ ಮುಡಿದವರು ಚುನಾವಣೆ ಹತ್ತಿರ ಬಂದ ಕೂಡಲೇ ತಲೆಗೆ ಟವೆಲು ಸುತ್ತಿಕೊಂಡು ಹೊಟ್ಟೆ ತೋರಿಸಲು ಶುರು ಮಾಡುತ್ತಾರೆ. ಮಲ್ಲಿಗೆಯ ಘಮ ಟವೆಲಿಗೆ ನಿಲ್ಲುವುದೇ?

ಈ ಗೊಂದಲಕ್ಕೆ ಹೆಸರಿನಿಂದಲೇ ಆರಂಭ. ಅತಿ ದುಬಾರಿಯಾದ, ಸಾರ್ವಜನಿಕರು ಕಾಲಿಡಲಾಗದ ಖಾಸಗಿ ಶಾಲೆಗೆ ಇಂಗ್ಲೆಂಡಿನಲ್ಲಿ 'ಪಬ್ಲಿಕ್ ಸ್ಕೂಲ್' ಎನ್ನುತ್ತಾರೆ. (ಈ ವಿಷಯದಲ್ಲಿ ನಾವು ಒಳ್ಳೆಯ ಶಿಷ್ಯರು. ನಮ್ಮಲ್ಲಿ ಎಷ್ಟು ಖಾಸಗಿ ಶಾಲೆಗಳು ಆ ಬೋರ್ಡು ಹಾಕಿಕೊಂಡವೆಂದರೆ, ಕಡೆಗೆ ಸರ್ಕಾರವೇ ತನ್ನ ಶಾಲೆಗಳಿಗೆ 'ಕರ್ನಾಟಕ ಪಬ್ಲಿಕ್ ಶಾಲೆ' ಎಂದು ಹೆಸರಿಟ್ಟುಕೊಂಡಿತು.) 1440ರಲ್ಲಿ ಆರನೆಯ ಹೆನ್ರಿ ದೊರೆ ಈಟನ್ ಕಟ್ಟಿಸಿದ್ದು 70 ಬಡ ಹುಡುಗರಿಗೆ ಉಚಿತವಾಗಿ ಓದಿಸಲು. ಆ 70 ಸ್ಥಾನಗಳು ಇಂದಿಗೂ ಇವೆ. ಅವುಗಳ ಸುತ್ತ ಸಾವಿರಕ್ಕೂ ಹೆಚ್ಚು ಹುಡುಗರು ವರ್ಷಕ್ಕೆ 60,000 ಪೌಂಡಿಗೂ ಮೇಲೆ ಶುಲ್ಕ ಕಟ್ಟಿ, ಕರಿಯ ಬಾಲದ ಕೋಟು ತೊಟ್ಟು ಓಡಾಡುತ್ತಾರೆ. ಧರ್ಮಛತ್ರದೊಳಗೆ ಪಂಚತಾರಾ ಹೋಟೆಲು ತೆರೆದು, ಮೂಲೆಯ ಒಂದು ಪಂಕ್ತಿಯನ್ನು ಛತ್ರದ ನೆನಪಿಗೆ ಉಳಿಸಿಕೊಂಡ ಹಾಗೆ. ಮೊದಲ ಪ್ರಧಾನಿ ವಾಲ್ಪೋಲ್ ಅವರಿಂದ ಬೋರಿಸ್ ಜಾನ್ಸನ್ ತನಕ 20 ಪ್ರಧಾನಿಗಳು ಇದೊಂದೇ ಶಾಲೆಯವರು. ದೇಶದ ಮಕ್ಕಳಲ್ಲಿ ಎಲ್ಲ ಖಾಸಗಿ ಶಾಲೆಗಳನ್ನು ಸೇರಿಸಿದರೂ ಅಲ್ಲಿ ಓದುವವರು ನೂರಕ್ಕೆ ಏಳು ಮಂದಿ. ಉಳಿದ 93 ಮಂದಿಯ ಕೆಲಸ ಮತ ಹಾಕುವುದು, ಆಮೇಲೆ ಪೇಸ್ಟಿ ಅಂಗಡಿ ಮುಚ್ಚಿದೆಯೋ ತೆರೆದಿದೆಯೋ ನೋಡಿ ಬರುವುದು.

ಇನ್ನು ರಿಷಿ ಸುನಕ್. 2022ರಲ್ಲಿ ಅವರು ಪ್ರಧಾನಿಯಾದಾಗ ನಮ್ಮ ಟಿವಿಯವರು ಬೆಂಗಳೂರಿನ ಅಳಿಯ ಗದ್ದುಗೆ ಏರಿದ ಎಂದು ಕುಣಿದದ್ದು ನೆನಪಿದೆ. ಅಳಿಯನ ಶಾಲೆ ವಿಂಚೆಸ್ಟರ್. 1382ರದು, ಈಟನ್‌ಗಿಂತ ಹಿರಿಯದು. ಅಲ್ಲಿ ಅವರು ವಿದ್ಯಾರ್ಥಿ ನಾಯಕರೂ ಆಗಿದ್ದರು. ತಂದೆ ವೈದ್ಯರು, ತಾಯಿ ಔಷಧಿ ಅಂಗಡಿ ನಡೆಸಿದವರು. ಇದನ್ನು ಇದ್ದ ಹಾಗೆ ಹೇಳಿದ್ದರೆ ಸಾಕಿತ್ತು. ಆದರೆ 2024ರ ಚುನಾವಣೆಯ ಸಮಯದಲ್ಲಿ ಸಂದರ್ಶಕರೊಬ್ಬರು, ಬಾಲ್ಯದಲ್ಲಿ ನಿಮಗೆ ಯಾವುದಕ್ಕೆ ಕೊರತೆ ಇತ್ತು ಎಂದು ಕೇಳಿಯೇ ಬಿಟ್ಟರು. ಅನೇಕ ವಸ್ತುಗಳಿಗೆ ಎಂದರು ಸುನಕ್. ಒಂದು ಹೆಸರಿಸಿ ಎಂದಾಗ ಹುಡುಕಿ ಹುಡುಕಿ ತೆಗೆದದ್ದು: ಸ್ಕೈ ಟಿವಿ. ದುಡ್ಡು ಕೊಟ್ಟು ನೋಡುವ ಚಾನೆಲ್ಲುಗಳು ಮನೆಯಲ್ಲಿ ಇರಲಿಲ್ಲವಂತೆ. ನಾರ್ಮಂಡಿಯಲ್ಲಿ ಎರಡನೆಯ ಮಹಾಯುದ್ಧದ ಡಿ-ಡೇ ದಾಳಿಯ 80ನೆಯ ವರ್ಷದ ಸ್ಮರಣೆಯಿಂದ ಬೇಗ ಎದ್ದು ಬಂದು ಕೊಟ್ಟ ಸಂದರ್ಶನ ಇದು ಎಂಬುದು ಅದರ ಮೇಲಿನ ಒಗ್ಗರಣೆ.

ಅದಕ್ಕೂ ಮೊದಲು, ಹಣಕಾಸು ಸಚಿವರಾಗಿದ್ದಾಗ, ಪೆಟ್ರೋಲ್ ತೆರಿಗೆಯನ್ನು ಲೀಟರಿಗೆ 5 ಪೆನ್ಸ್ ಇಳಿಸಿದ ಸಂತೋಷಕ್ಕೆ ಅವರು ಬಂಕಿನಲ್ಲಿ ಫೋಟೊ ತೆಗೆಸಿಕೊಂಡರು. ಕೆಂಪು ಬಣ್ಣದ ಪುಟ್ಟ ಕಿಯಾ ರಿಯೊ ಕಾರಿಗೆ ಸ್ವತಃ ಪೆಟ್ರೋಲ್ ತುಂಬಿಸಿದರು. ಕಾರು ಅವರದಲ್ಲ, ಅಲ್ಲಿನ ಸೂಪರ್ ಮಾರ್ಕೆಟ್ಟಿನ ಕೆಲಸಗಾರರೊಬ್ಬರದು. ಒಳಗೆ ಹೋಗಿ ಹಣ ಕೊಡುವಾಗ ಕಾರ್ಡನ್ನು ಯಂತ್ರಕ್ಕೆ ತೋರಿಸುವ ಬದಲು, ಸಾಮಾನಿನ ಪಟ್ಟೆಗೆರೆ ಓದುವ ಸ್ಕ್ಯಾನರಿಗೆ ಹಿಡಿದರು. ಆ ಗಳಿಗೆಯ ವಿಡಿಯೊವನ್ನು ನಾನು ಹಲವು ಬಾರಿ ನೋಡಿದ್ದೇನೆ. ಕಾರ್ಡು ಹಿಡಿದ ಕೈ, ಕೆಂಪು ಬೆಳಕು, ಎಲ್ಲಿ ತೋರಿಸಬೇಕೆಂದು ಹುಡುಕುವ ಮುಖ. ವಿಂಚೆಸ್ಟರಿನಲ್ಲಿ ಲ್ಯಾಟಿನ್ ಕಲಿಸುತ್ತಾರೆ, ಇದನ್ನು ಕಲಿಸುವುದಿಲ್ಲ.

ನನ್ನದೊಂದು ಸಲಹೆ ಇದೆ. ಈ ಬಾಬತ್ತಿನಲ್ಲಿ ನಮಗೆ ಅನುಭವ ಜಾಸ್ತಿ. ಲಂಡನ್ನಿಗೆ ಒಬ್ಬ ತಹಶೀಲ್ದಾರರನ್ನು ಎರವಲು ಸೇವೆಯ ಮೇಲೆ ಕಳಿಸೋಣ, ಜೊತೆಗೊಬ್ಬ ಗ್ರಾಮಲೆಕ್ಕಿಗ. ಪ್ರಧಾನಿಯಾಗಬಯಸುವವರು ನಿಗದಿತ ನಮೂನೆಯಲ್ಲಿ ಅರ್ಜಿ ಹಾಕಲಿ. ಸ್ಥಳ ಪರಿಶೀಲನೆ, ಮಹಜರು, ನೆರೆಹೊರೆಯವರ ಹೇಳಿಕೆ ಎಲ್ಲ ಆಗಲಿ. 'ಸದರಿ ಅರ್ಜಿದಾರರು ಬಾಲ್ಯದಲ್ಲಿ ಸ್ಕೈ ಟಿವಿ ಹೊಂದಿರಲಿಲ್ಲವೆಂದು ಸ್ವಯಂ ಘೋಷಿಸಿರುತ್ತಾರೆ. ಪೂರಕ ದಾಖಲೆ ಲಗತ್ತಿಸಿರುವುದಿಲ್ಲ' ಎಂದು ಷರಾ ಬರೆದು ಮೇಲಕ್ಕೆ ಕಳಿಸಿದರಾಯಿತು. ಮೊಹರು ಬಿದ್ದ ಮೇಲೆ ಪೇಸ್ಟಿ ತಿನ್ನುವ ಕಷ್ಟ ಇರುವುದಿಲ್ಲ.

ಆದರೆ 2024ರಲ್ಲಿ ಸುನಕ್ ನಂತರ ಪ್ರಧಾನಿಯಾದ ಲೇಬರ್ ಪಕ್ಷದ ಕೀರ್ ಸ್ಟಾರ್ಮರ್ ಅವರ ಅರ್ಜಿ ಬಂದಾಗ ಗ್ರಾಮಲೆಕ್ಕಿಗ ತಲೆ ಕೆರೆದುಕೊಳ್ಳುತ್ತಾನೆ. ತಂದೆಯ ವೃತ್ತಿ: ಕಾರ್ಖಾನೆಯಲ್ಲಿ ಉಪಕರಣ ತಯಾರಕ. ಇದು ನಿಜ. ಆದರೆ ಸ್ಟಾರ್ಮರ್ ಅದನ್ನು ಎಷ್ಟು ಸಲ ಹೇಳಿದರೆಂದರೆ, 2024ರ ಜೂನ್‌ನಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಅವರು ಮತ್ತೆ ಅಪ್ಪನ ಕಥೆ ತೆಗೆದ ಕೂಡಲೇ ಸಭಿಕರು ನಕ್ಕುಬಿಟ್ಟರು. ಬಡತನ ನಟಿಸಿದ ಅಳಿಯನಿಗೂ ನಗು, ಕಾರ್ಮಿಕನ ನಿಜವಾದ ಮಗನಿಗೂ ಅದೇ ನಗು. ಮುಂದಿನ ಕಲಮು: ಓದಿದ ಶಾಲೆ, ಸರ್ಕಾರಿ/ಖಾಸಗಿ, ಅನ್ವಯಿಸದ್ದನ್ನು ಹೊಡೆದುಹಾಕಿ. ಅವರು ರೈಗೇಟ್ ಗ್ರಾಮರ್ ಶಾಲೆಗೆ ಸೇರಿದಾಗ ಅದಕ್ಕೆ ಶುಲ್ಕವಿರಲಿಲ್ಲ. ಅವರು ಓದುತ್ತಿದ್ದಾಗಲೇ, 1976ರಲ್ಲಿ, ಅದು ಖಾಸಗಿಯಾಯಿತು. ಹುಡುಗ ಅದೇ ಬೆಂಚಿನಲ್ಲಿ ಕುಳಿತಿದ್ದ, ಶಾಲೆ ಅವನ ಕೆಳಗಿನಿಂದ ಎದ್ದು ಮೇಲಿನ ವರ್ಗಕ್ಕೆ ಹೋಯಿತು. ಯಾವುದನ್ನು ಹೊಡೆದುಹಾಕುವುದು? ವಿರೋಧಿಗಳು 'ಸರ್ಕಾರಿ' ಹೊಡೆದರು, ಅವರ ಪಕ್ಷದವರು 'ಖಾಸಗಿ' ಹೊಡೆದರು. ಈ ಜಗಳ ತೀರುವ ಮೊದಲೇ, ಶ್ರೀಮಂತ ದಾನಿಯೊಬ್ಬರು ಒಟ್ಟು 2,400 ಪೌಂಡಿಗೂ ಮೇಲಿನ ಕನ್ನಡಕಗಳನ್ನು ಅವರಿಗೆ ಕೊಡಿಸಿದ ಸುದ್ದಿ ಹೊರಬಿತ್ತು. ಉಪಕರಣ ತಯಾರಕನ ಮಗನ ಮೂಗಿನ ಮೇಲೆ ಅಂಥ ಉಪಕರಣ!

ಅರ್ಜಿಯನ್ನೇ ಹಾಕದೆ ಗೆದ್ದವರೂ ಇದ್ದಾರೆ ಎಂಬುದು ನನಗೆ ಎಲ್ಲಕ್ಕಿಂತ ಮೋಜು. ಬೋರಿಸ್ ಜಾನ್ಸನ್ ಈಟನ್ ಮುಚ್ಚಿಡಲಿಲ್ಲ, ಲ್ಯಾಟಿನ್ನೂ ಬಿಡಲಿಲ್ಲ. ಕ್ಯಾಮೆರಾ ಕಂಡರೆ ತಲೆಗೂದಲನ್ನು ಒಂದಿಷ್ಟು ಕೆದರಿಕೊಂಡರು, ಅಷ್ಟೇ. 2019ರಲ್ಲಿ ಗಣಿ ಕಾರ್ಮಿಕರ ನಾಡಾದ ಬೋಲ್ಸೋವರ್, ಸೆಜ್‌ಫೀಲ್ಡ್ ಕ್ಷೇತ್ರಗಳು ಅವರ ಪಕ್ಷಕ್ಕೆ ಒಲಿದವು. ಡಲಿಚ್ ಕಾಲೇಜೆಂಬ ಖಾಸಗಿ ಶಾಲೆಯಲ್ಲಿ ಓದಿ, ಲಂಡನ್ನಿನ ಸರಕು ಪೇಟೆಯಲ್ಲಿ ವ್ಯಾಪಾರ ಮಾಡಿದ ರಾಜಕಾರಣಿ ನೈಜೆಲ್ ಫರಾಜ್ ಬಿಯರ್ ಗ್ಲಾಸು ಹಿಡಿದೇ ಜನಸಾಮಾನ್ಯರ ಮನುಷ್ಯರಾದರು. ತಹಶೀಲ್ದಾರರು ಬಿಯರನ್ನು ದಾಖಲೆಯೆಂದು ಒಪ್ಪುವುದಿಲ್ಲ. ಮತದಾರರು ಒಪ್ಪುತ್ತಾರೆ.

ಇಷ್ಟರಲ್ಲಿ ಸ್ಟಾರ್ಮರ್ ಸರ್ಕಾರ 2025ರ ಜನವರಿ 1ರಿಂದ ಖಾಸಗಿ ಶಾಲೆಯ ಶುಲ್ಕಕ್ಕೆ ಶೇ 20 ತೆರಿಗೆ ಹಾಕಿತು. ಪೇಸ್ಟಿಗೆ ಹಾಕಲು ಹೊರಟಿದ್ದೂ ಅಷ್ಟೇ, ಅದು ಜನರ ಕೂಗಿಗೆ ಹೆದರಿ ಹಿಂದೆ ಸರಿದಿತ್ತು. ಇದು ಸರಿಯಲಿಲ್ಲ, ಹೈಕೋರ್ಟಿಗೆ ಹೋದವರೂ ಬರಿಗೈಯಲ್ಲಿ ಬಂದರು. ಈಗ ನೋಡಿ ಚೋದ್ಯ. ಶುಲ್ಕ ಕಟ್ಟುವ ಪೋಷಕರೇ ನಮ್ಮ ತಹಶೀಲ್ದಾರರ ಕಚೇರಿಯ ಕಿಟಕಿಯ ಮುಂದೆ ಸಾಲು ನಿಂತಿದ್ದಾರೆ. ತಾವು ಸಾಧಾರಣ ಜನ, ಹಳೆಯ ಕಾರು ಓಡಿಸುವವರು, ವಿದೇಶ ಪ್ರವಾಸ ಬಿಟ್ಟು ಮಕ್ಕಳನ್ನು ಓದಿಸುತ್ತಿರುವವರು ಎಂದು ಅಹವಾಲು. ಕೆಲವರ ಮಟ್ಟಿಗೆ ಅದು ಸತ್ಯವೂ ಹೌದು. ಆದರೆ ಅವರ ಹಿಂದೆಯೇ, ಬಾಲದ ಕೋಟಿನ ಹುಡುಗನ ಕೈ ಹಿಡಿದು, ಅದೇ ಅರ್ಜಿ ತುಂಬಿಕೊಂಡು ಇನ್ನೊಬ್ಬರು ನಿಂತಿದ್ದಾರೆ.

ಗುಮಾಸ್ತ ಆ ಅರ್ಜಿಯನ್ನು ತಿರುಗಿಸಿ ನೋಡಿದ. ಹುಡುಗನ ಕೋಟನ್ನು ನೋಡಿದ. ಆಮೇಲೆ ಕಿಟಕಿಯ ಹಲಗೆ ಎಳೆದುಕೊಂಡು ಊಟಕ್ಕೆ ಎದ್ದ. ಲೀಡ್ಸ್ ನಿಲ್ದಾಣದಲ್ಲಿ ಪೇಸ್ಟಿ ಚೆನ್ನಾಗಿರುತ್ತದೆಂದು ಯಾರೋ ಹೇಳಿದ್ದರಂತೆ.